ಮಿಲಿಮೀಟರ್ ಲೆಕ್ಕ ಬಿಡಬೇಡ, ತಮ್ಮಾ

ಅಪ್ಪನಿಗೆ ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡು ಬಂದಿರಿ. ಹೊಟ್ಟೆ ಕೊಯ್ಯದೆ ತೊಡೆಸಂದಿನಿಂದಲೇ ಕೆಲಸ ಮುಗಿದು, ನಾಲ್ಕೇ ದಿನಕ್ಕೆ ಅವರು ಹರಿಹರದ ಮನೆ ಸೇರಿದ್ದು ಕೇಳಿ ಮನಸ್ಸಿಗೆ ಸಮಾಧಾನವಾಯಿತು. ಆದರೆ “ಎಲ್ಲಾ ಸರಿಹೋಯ್ತಲ್ಲ ಡಾಕ್ಟ್ರೇ, ಇನ್ನು ಸ್ಕ್ಯಾನ್ ಗೀನ್ ಅಂತ ಅಲೆಯೋದು ಯಾಕೆ?” ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ದಾವಣಗೆರೆಯಲ್ಲಿ ಇಷ್ಟು ವರ್ಷ ರೋಗಿಗಳನ್ನು ನೋಡಿದವನಾಗಿ ಹೇಳುತ್ತಿದ್ದೇನೆ, ಸ್ವಲ್ಪ ಕೇಳು.

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಸುಮಾರು 2 ಸೆಂಟಿಮೀಟರ್ ಅಗಲ ಇರುತ್ತದೆ. 3 ದಾಟಿದರೆ ಅನ್ಯೂರಿಸಂ ಅನ್ನುತ್ತೇವೆ. ಗಂಡಸರಲ್ಲಿ 5.5 ಮುಟ್ಟಿತೆಂದರೆ ಒಡೆಯುವ ಭಯಕ್ಕೆ ರಿಪೇರಿ ಮಾಡುತ್ತೇವೆ. ಹಿಗ್ಗಿದ ಹಳೇ ಸಿಮೆಂಟ್ ಪೈಪಿನೊಳಗೆ ಹೊಸ ಪೈಪು ತೂರಿಸಿದ ಹಾಗೆ ನಿಮ್ಮಪ್ಪನಿಗೆ ಮಾಡಿದ್ದಾರೆ. ನೆತ್ತರು ಒಳಗಿನದರಲ್ಲೇ ಹರಿಯಬೇಕು, ಹೊರಗೆ ಚೀಲದಂತೆ ಹಿಗ್ಗಿದ ಹಳೇ ನಾಳಕ್ಕೆ ಒತ್ತಡ ಬೀಳಬಾರದು. ಆದರೆ ಆ ಚೀಲವನ್ನು ಯಾರೂ ತೆಗೆದು ಹಾಕಿಲ್ಲ, ಅದು ಅಲ್ಲೇ ಇದೆ. ಗ್ರಾಫ್ಟಿನ ತುದಿ ಸಡಿಲವಾದರೆ, ಎರಡು ತುಂಡು ಸೇರುವ ಜಾಗ ಬಿಟ್ಟುಕೊಂಡರೆ, ಇಡೀ ಗ್ರಾಫ್ಟ್ ಕೆಳಗೆ ಜಾರಿದರೆ ನೆತ್ತರು ಮತ್ತೆ ಚೀಲಕ್ಕೆ ನುಗ್ಗುತ್ತದೆ. ಇವನ್ನು ಕೂಡಲೇ ಸರಿಪಡಿಸಲೇಬೇಕು. ಪಕ್ಕದ ಸಣ್ಣ ನಾಳಗಳಿಂದ ಹಿಂದಕ್ಕೆ ಬರುವ ಸೋರಿಕೆ ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು. ಅದು ಎಷ್ಟೋ ಸಲ ತಾನೇ ನಿಲ್ಲುತ್ತದೆ, ಚೀಲ ದೊಡ್ಡದಾಗದಿದ್ದರೆ ಕಾದು ನೋಡಬಹುದು.

ಅರ್ಜೆಂಟೀನಾದ ಹ್ವಾನ್ ಪರೋಡಿ 1990ರಲ್ಲಿ ಹೊಟ್ಟೆಯ ಅನ್ಯೂರಿಸಂಗೆ ಈ ದಾರಿ ತೋರಿಸಿದರು. ಬ್ರಿಟನ್ನಿನಲ್ಲಿ ಇದನ್ನೂ ಹೊಟ್ಟೆ ತೆರೆದು ಮಾಡುವ ಆಪರೇಷನ್ನನ್ನೂ ಹೋಲಿಸಿ, ರೋಗಿಗಳನ್ನು 15 ವರ್ಷದವರೆಗೆ ಹಿಂಬಾಲಿಸಿದ ಫಲಿತಾಂಶ 2016ರಲ್ಲಿ ಬಂತು. ಮೊದಮೊದಲು ಸ್ಟೆಂಟ್ ಗ್ರಾಫ್ಟಿನವರೇ ಹೆಚ್ಚು ಉಳಿದರು. ಎಂಟು ವರ್ಷ ಕಳೆದ ಮೇಲೆ ಲೆಕ್ಕ ತಿರುಗಿತು: ಹಳೇ ಚೀಲ ಒಡೆದು ಸತ್ತವರು ಇವರಲ್ಲೇ ಜಾಸ್ತಿ. ನನ್ನ ಭಯ ಇರುವುದು ಇಲ್ಲೇ. ಒಂದೆರಡು ವರ್ಷ ಚೆನ್ನಾಗಿದ್ದು ಕಾಗದಪತ್ರವೆಲ್ಲ ಅಟ್ಟ ಸೇರಿದ ಮೇಲೆ, ಯಾರೂ ನೋಡದೆ ಇದ್ದಾಗ ಆಗುವ ಅನಾಹುತ ಇದು.

ಯಾರಿಗೆ ಹೀಗಾದೀತು ಅನ್ನುವುದನ್ನು ಸ್ವಲ್ಪಮಟ್ಟಿಗೆ ಮೊದಲೇ ಊಹಿಸಬಹುದು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಸ್ಕ್ಯಾನ್ ಕೂಡಿಸಿ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷದೊಳಗೆ ಚೀಲ ಹಿಗ್ಗಿದ್ದವರು ನೂರಕ್ಕೆ 41. ಗ್ರಾಫ್ಟ್ ಹಿಡಿದು ನಿಲ್ಲುವ, ಚೀಲದ ಮೇಲಿನ ಕತ್ತಿನ ಅಗಲ 28 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ, ಅದು 60 ಡಿಗ್ರಿಗಿಂತ ಬಾಗಿದ್ದರೆ, ಕಾಲಿಗೆ ಹೋಗುವ ನಾಳ 20 ಮಿಲಿಮೀಟರ್ ದಾಟಿದ್ದರೆ, ವಯಸ್ಸು 80 ಆಗಿದ್ದರೆ, ಸೋರಿಕೆ ಇದ್ದರೆ, ಅಪಾಯ ಹೆಚ್ಚು. ಅಗಲ, ಬಾಗಿನ ಅಂಕಿಗಳು ಆಪರೇಷನ್ನಿಗೆ ಮುಂಚಿನ ಸಿಟಿ ಸ್ಕ್ಯಾನಿನಲ್ಲೇ ಇರುತ್ತವೆ. ಮುಂದಿನ ಸಲ ಹೋದಾಗ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ ಬರೆದುಕೋ. ನಿಮ್ಮಪ್ಪ ಮೈಸೂರ್ ಕಿರ್ಲೋಸ್ಕರ್‌ನಲ್ಲಿ ಲೇತ್ ಮುಂದೆ ನಿಂತು ಆಯಸ್ಸು ಸವೆಸಿದವರು. ಮಿಲಿಮೀಟರ್ ಬೆಲೆ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು, ಅವರ ಕೈಯಲ್ಲೇ ಬರೆಸು.

ಒಂದು ಪಟ್ಟೆ ನೋಟ್‌ಬುಕ್ ತಗೋ. ತಾರೀಖು, ಚೀಲದ ಅತಿ ಹೆಚ್ಚಿನ ಅಗಲ, ಸೋರಿಕೆ ಇದೆಯೋ ಇಲ್ಲವೋ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟು, ಇಷ್ಟು ಸಾಕು. ಅಗಲ 58 ಮಿಲಿಮೀಟರ್ ಇದ್ದದ್ದು ವರ್ಷಕ್ಕೆ 52 ಆಗಿದ್ದರೆ ಬಹಳ ಒಳ್ಳೆಯ ಲಕ್ಷಣ. ಮೊದಲ ವರ್ಷದಲ್ಲೇ ಚೀಲ ಕುಗ್ಗಿದವರಿಗೆ ಮುಂದೆ ತೊಂದರೆ ಕಡಿಮೆ. 5 ಮಿಲಿಮೀಟರ್ ಏರಿದರೆ ಮಾತ್ರ, ನೋವಿಲ್ಲ ಅಂತ ಸುಮ್ಮನೆ ಕೂರುವ ಹಾಗಿಲ್ಲ.

ಆಪರೇಷನ್ ಆಗಿ ತಿಂಗಳಾದಾಗ ಒಂದು, ವರ್ಷವಾದಾಗ ಒಂದು ಸಿಟಿ ಆಗಿ ಎಲ್ಲ ಸರಿಯಿದ್ದರೆ, ಆಮೇಲೆ ವರ್ಷಕ್ಕೊಮ್ಮೆ ಡಾಪ್ಲರ್ ಅಲ್ಟ್ರಾಸೌಂಡ್ ಸಾಕಾಗಬಹುದು. ಅದನ್ನು ಆಪರೇಷನ್ ಮಾಡಿದವರು ಹೇಳಬೇಕು. ಡಾಪ್ಲರ್‌ಗೆ ಬೆಂಗಳೂರೇ ಆಗಬೇಕೆಂದಿಲ್ಲ, ದಾವಣಗೆರೆಯಲ್ಲೇ ಆಗುತ್ತದೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬಾ, ಗ್ಯಾಸ್ ತುಂಬಿದ್ದರೆ ಏನೂ ಕಾಣುವುದಿಲ್ಲ. ಚೀಟಿಯಲ್ಲಿ ಬರೀ “ಹೊಟ್ಟೆ ಸ್ಕ್ಯಾನ್” ಅಂತ ಇದ್ದರೆ ಲಿವರ್, ಕಿಡ್ನಿ ನೋಡಿ ಕಳಿಸಿಬಿಡುತ್ತಾರೆ. ಸ್ಟೆಂಟ್ ಗ್ರಾಫ್ಟ್ ಇದೆ, ಚೀಲದ ಅಗಲ ಮತ್ತು ಸೋರಿಕೆ ನೋಡಬೇಕು ಅಂತ ಬರೆಸಿಕೋ. ಹಳೇ ಸಿಡಿ ಜೊತೆಗಿರಲಿ.

ಅಪ್ಪನ ಬೀಡಿ ನಿಲ್ಲಬೇಕು, ಬಿಪಿ ಮಾತ್ರೆ ತಪ್ಪಬಾರದು. ನಡೆಯುವಾಗ ಮೀನಖಂಡ ಹಿಡಿದುಕೊಂಡರೆ, ಒಂದು ಪಾದ ತಣ್ಣಗಾದರೆ ಗ್ರಾಫ್ಟಿನ ಕಾಲಿನ ಕಡೆಯ ಕವಲು ಕಟ್ಟಿಕೊಂಡಿರಬಹುದು, ಅದೇ ದಿನ ತೋರಿಸು. ಹೊಟ್ಟೆಯಲ್ಲೋ ಬೆನ್ನಲ್ಲೋ ದಿಢೀರನೆ ನೋವು ಬಂದು ಬೆವತು ತಲೆ ತಿರುಗಿದರೆ ಗ್ಯಾಸು ಅಂತ ಸೋಡಾ ಕುಡಿಸುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು, ಆಸ್ಪತ್ರೆ ಬಾಗಿಲಲ್ಲೇ “ಅನ್ಯೂರಿಸಂಗೆ ಸ್ಟೆಂಟ್ ಗ್ರಾಫ್ಟ್ ಹಾಕಿದೆ” ಅಂತ ಜೋರಾಗಿ ಹೇಳು.

ಇನ್ನೊಂದು. ಈ ಕಾಯಿಲೆ ಮನೆತನದಲ್ಲಿ ಹರಿಯುವುದುಂಟು. ನಿಮ್ಮಣ್ಣನಿಗೆ ಐವತ್ತು ದಾಟಿತು, ಸಿಗರೇಟೂ ಇದೆ. ಅಪ್ಪನನ್ನು ಸ್ಕ್ಯಾನಿಗೆ ಕರೆತರುವ ದಿನ ಅವನನ್ನೂ ಖಾಲಿ ಹೊಟ್ಟೆಯಲ್ಲಿ ಹೊರಡಿಸಿಕೊಂಡು ಬಾ.