ಒಂಬತ್ತು ಸಾವಿರದ ಆರುನೂರು ರೂಪಾಯಿಗೆ ಒಂದು ಹಕ್ಕಿ ಲೆನ್ಸ್

ಕಳೆದ ವರ್ಷ ನಾನು ನಾಲ್ಕೂವರೆ ಸಾವಿರ ರೂಪಾಯಿ ಹಾಳು ಮಾಡಿಕೊಂಡೆ. ಅದು ನಮ್ಮ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ಹಣ. ಅಂಗಡಿಯಲ್ಲಿ ಒಂದು ಹಳೆಯ ಟೆಲಿ ಲೆನ್ಸ್ ಕಂಡಿತು, ನೋಡಲು ಹೊಳೆಯುತ್ತಿತ್ತು, ಕೇಳಿದ್ದಕ್ಕಿಂತ ಐನೂರು ಕಡಿಮೆ ಮಾಡಿದರು, ತಂದೆ. ಮನೆಗೆ ಬಂದು ಕಿಟಕಿಯ ಕಡೆ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು. ಅಂಗಡಿಯವರು ವಾಪಸ್ ಇಲ್ಲ ಎಂದರು. ಬಿಲ್ಲೂ ಇರಲಿಲ್ಲ. ಬಿಲ್ ಕೇಳದೇ ಬಂದದ್ದು ನಾನೇ, ಅದೂ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ!

ಅಮ್ಮಿ ಮಾತ್ರ ಒಂದು ಮಾತು ಕೇಳಿದರು: "ಚಿಡಿಯಾ ದೇಖ್ನೇ ಕೂ ಇತ್ತೇ ಪೈಸೇ?" ಹಕ್ಕಿ ನೋಡೋದಕ್ಕೆ ಇಷ್ಟೊಂದು ದುಡ್ಡಾ ಎಂದು. ಅಬ್ಬಾ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈ ವರ್ಷ ಮತ್ತೆ ಹಣ ಕೂಡಿಸಿದೆ. ಆರು ಮಕ್ಕಳಿಂದ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳಿಗೆ 12,000, ಈದಿ 600. ಒಟ್ಟು 12,600. ಲೆನ್ಸ್ ಬೇಕು ಎಂದಾಗ ಅಬ್ಬಾ ಎರಡು ಷರತ್ತು ಹಾಕಿದರು. ಮೂರು ಸಾವಿರ ಮುಟ್ಟಬಾರದು, ಅದು ಬಿ.ಕಾಂ. ಅರ್ಜಿ, ಪ್ರವೇಶದ ಖರ್ಚಿಗೆ. ಉಳಿದ 9,600ಕ್ಕೆ ಏನು ತರುತ್ತೇನೆ, ಯಾಕೆ ತರುತ್ತೇನೆ ಎಂಬುದನ್ನು ಬರೆದು ತೋರಿಸಬೇಕು. "ನಿಮ್ಮ ಲೆಕ್ಕಶಾಸ್ತ್ರದ ಮೇಡಂಗೆ ಬರೆಯೋ ಹಾಗೆ ಬರಿ ಬೇಟಾ" ಎಂದರು. ಆ ಬರಹವನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಕ್ಯಾಮೆರಾ ಹಿಡಿದವರು ಇನ್ನೂ ನಾಲ್ಕೈದು ಜನ ಇದ್ದಾರೆ. ನನ್ನ ನಾಲ್ಕೂವರೆ ಸಾವಿರ ಅವರಿಗಾದರೂ ಉಪಯೋಗವಾಗಲಿ.

ಮೊದಲು ನನ್ನ ಬಳಿ ಏನಿದೆ ಎಂದು ಹೇಳಬೇಕು. ಮಾಮು ಮದುವೆ ಫೋಟೊ ತೆಗೆಯುವ ಕೆಲಸ ಬಿಟ್ಟಾಗ ಕೊಟ್ಟ ಕ್ಯಾನನ್ 1300ಡಿ ಕ್ಯಾಮೆರಾ, ಜೊತೆಗೆ 18-55 ಎಂಎಂ ಲೆನ್ಸ್. ಅಬ್ಬಾಗೆ ಸಕ್ಕರೆ ಕಾಯಿಲೆ, ಡಾಕ್ಟರು ನಡೆಯಲು ಹೇಳಿದ್ದಾರೆ. ಹಾಗಾಗಿ ಭಾನುವಾರ ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಇಬ್ಬರೂ ಸ್ಕೂಟರಿನಲ್ಲಿ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಅವರು ಕೆರೆ ಸುತ್ತುತ್ತಾರೆ, ನಾನು ಒಂದೇ ಕಡೆ ಕೂರುತ್ತೇನೆ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಅದೃಷ್ಟ ಇದ್ದರೆ ಚಿಕ್ಕ ಮಿಂಚುಳ್ಳಿ. ನನಗೆ ಬೇಕಾದದ್ದು ಹುಲಿಯ ಫೋಟೊ ಅಲ್ಲ, ಈ ಮಿಂಚುಳ್ಳಿಯ ಫೋಟೊ. ಲೆನ್ಸ್ ಆರಿಸುವ ಮೊದಲು ಇದು ಗೊತ್ತಿರಬೇಕು. ಕಳೆದ ವರ್ಷ ನನಗೆ ಗೊತ್ತಿರಲಿಲ್ಲ.

ಈಗ ಲೆಕ್ಕ. ಲೆನ್ಸಿನ ಮೇಲೆ ಬರೆದಿರುವ ಎಂಎಂ ಅದರ ಸಂಗಮದೂರ. ಹಕ್ಕಿಯ ಉದ್ದವನ್ನು ಇದರಿಂದ ಗುಣಿಸಿ, ಹಕ್ಕಿ ಎಷ್ಟು ದೂರ ಇದೆಯೋ ಅದರಿಂದ ಭಾಗಿಸಿದರೆ, ಕ್ಯಾಮೆರಾದ ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದು ಹೆಚ್ಚು ಕಡಿಮೆ ಸಿಗುತ್ತದೆ. ಚಿಕ್ಕ ಮಿಂಚುಳ್ಳಿ ಸುಮಾರು 16 ಸೆಂ.ಮೀ., ಅಂದರೆ 160 ಮಿ.ಮೀ. ಅದು ಹತ್ತು ಮೀಟರ್ ದೂರದಲ್ಲಿ, ಅಂದರೆ 10,000 ಮಿ.ಮೀ. ದೂರದಲ್ಲಿ ಕುಳಿತಿದೆ ಎಂದುಕೊಳ್ಳಿ. ನನ್ನ ಹಳೆಯ 55 ಎಂಎಂ ಲೆನ್ಸಿನಲ್ಲಿ ಅದು 0.88 ಮಿ.ಮೀ. ಅಷ್ಟೇ. 250 ಎಂಎಂನಲ್ಲಿ 4 ಮಿ.ಮೀ. 600 ಎಂಎಂನಲ್ಲಿ 9.6 ಮಿ.ಮೀ.

ಮಿಲಿಮೀಟರಿನಲ್ಲಿ ಹೇಳಿದರೆ ಅಬ್ಬಾಗೆ ಅರ್ಥವಾಗಲಿಲ್ಲ. ಆದ್ದರಿಂದ ಪಿಕ್ಸೆಲ್ಲಿಗೆ ಬದಲಾಯಿಸಿದೆ. 1300ಡಿಯ ಸೆನ್ಸರ್ 22.3 ಮಿ.ಮೀ. ಅಗಲ, ಅದರಲ್ಲಿ 5,184 ಪಿಕ್ಸೆಲ್. ಹಳೆಯ ಲೆನ್ಸಿನಲ್ಲಿ ಹಕ್ಕಿಗೆ ಸಿಗುವುದು 205 ಪಿಕ್ಸೆಲ್, 250ರಲ್ಲಿ ಸುಮಾರು 930, 600ರಲ್ಲಿ 2,230. ಚೆನ್ನಾಗಿ ಮುದ್ರಿಸಲು ಇಂಚಿಗೆ 300 ಪಿಕ್ಸೆಲ್ ಬೇಕು ಎನ್ನುತ್ತಾರೆ. 930 ಪಿಕ್ಸೆಲ್ ಎಂದರೆ ಮೂರು ಇಂಚಿನ ಹಕ್ಕಿ. ಈ ವಾರ್ತಾಪತ್ರದ ಒಂದು ಕಾಲಂಗೆ ಸಾಕು. ಗೋಡೆಗೆ ದೊಡ್ಡದಾಗಿ ಹಾಕಲು ಸಾಲದು. ನಮ್ಮ ಮನೆಯಲ್ಲಿ ಅಷ್ಟು ಖಾಲಿ ಗೋಡೆಯೂ ಇಲ್ಲ.

ಅರ್ಥಶಾಸ್ತ್ರದಲ್ಲಿ ಸೀಮಾಂತ ತುಷ್ಟಿಗುಣ ಓದುತ್ತೇವಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ. 55ರಿಂದ 250ಕ್ಕೆ ಹೋದರೆ ಹಕ್ಕಿ ನಾಲ್ಕೂವರೆ ಪಟ್ಟು ದೊಡ್ಡದಾಗುತ್ತದೆ, ಹಳೆಯದಾದರೆ ಖರ್ಚು ಒಂಬತ್ತು ಸಾವಿರದೊಳಗೆ. ಅಲ್ಲಿಂದ 600ಕ್ಕೆ ಹೋದರೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಆದರೆ ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150-600 ಲೆನ್ಸಿಗೆ ನಾನು ವಿಚಾರಿಸಿದಲ್ಲಿ ಹೇಳಿದ ಬೆಲೆ ಎಪ್ಪತ್ತು ಸಾವಿರಕ್ಕೂ ಮೇಲೆ. ತೂಕವೂ ಎರಡು ಕೆ.ಜಿ.ಯ ಹತ್ತಿರ. ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ ಕೇವಲ 375 ಗ್ರಾಂ. ಸ್ಕೂಟರಿನಲ್ಲಿ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಉದ್ದದ ಲೆನ್ಸ್ ಅಷ್ಟು ದಪ್ಪ, ಅಷ್ಟು ದುಬಾರಿ ಯಾಕೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಎಫ್ ನಂಬರ್ ಎಂಬುದು ಒಂದು ಭಾಗಾಕಾರ ಎಂದು ತಿಳಿದ ಮೇಲೆ ಹೊಳೆಯಿತು. ಸಂಗಮದೂರವನ್ನು ಎಫ್ ನಂಬರಿನಿಂದ ಭಾಗಿಸಿದರೆ ಬೆಳಕು ಒಳಬರುವ ಬಾಗಿಲಿನ ಅಗಲ. 250ನ್ನು 5.6ರಿಂದ ಭಾಗಿಸಿದರೆ 45 ಮಿ.ಮೀ. 600ನ್ನು 6.3ರಿಂದ ಭಾಗಿಸಿದರೆ 95 ಮಿ.ಮೀ. ಸಿಗ್ಮಾ 150-600 ಕಂಟೆಂಪರರಿ ಲೆನ್ಸಿನ ಮುಂದೆ ಹಾಕುವ ಫಿಲ್ಟರಿನ ಅಳತೆ ಕೂಡ 95 ಮಿ.ಮೀ.! ಸ್ಟೇಡಿಯಂಗಳಲ್ಲಿ ಕಾಣುವ 400 ಎಂಎಂ ಎಫ್/2.8 ಲೆನ್ಸಿಗೆ 143 ಮಿ.ಮೀ. ಗಾಜು ಬೇಕು. ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ಉಜ್ಜಿ ಮಾಡಬೇಕು, ಹಾಗಾಗಿ ಬೆಲೆ ಲಕ್ಷಗಟ್ಟಲೆ. ನಾವು ಕೊಡುವ ಹಣ ದೂರಕ್ಕಿಂತ ಹೆಚ್ಚಾಗಿ ಬೆಳಕಿಗೆ.

ಬೇರೆ ದಾರಿಗಳನ್ನೂ ನೋಡಿದೆ. ಮೊಬೈಲಿಗೆ ಸಿಕ್ಕಿಸುವ ಲೆನ್ಸ್, ಬೇಡ. ಟೆಲಿ ಕನ್ವರ್ಟರ್ ಹಾಕಿದರೆ 1.4 ಪಟ್ಟು ಹತ್ತಿರವಾಗುತ್ತದೆ, ಆದರೆ ಬೆಳಕು ಅರ್ಧವಾಗುತ್ತದೆ. ಎಫ್/5.6 ಲೆನ್ಸ್ ಎಫ್/8 ಆಗುತ್ತದೆ, ಅಲ್ಲಿಗೆ ನಮ್ಮಂಥ ಕ್ಯಾಮೆರಾದ ಆಟೋಫೋಕಸ್ ಕೈ ಕೊಡುತ್ತದೆ. ನಿಕಾನ್ ಪಿ900 ತರಹದ ಒಂದೇ ತುಂಡಿನ ಜೂಮ್ ಕ್ಯಾಮೆರಾ ಬಹಳ ದೂರ ನೋಡುತ್ತದೆ, 83 ಪಟ್ಟು ಜೂಮ್. ಕ್ಯಾಮೆರಾನೇ ಇಲ್ಲದವರು ಹಕ್ಕಿ ಗುರುತಿಸಲು ಅದನ್ನು ಯೋಚಿಸಬಹುದು. ಅದರ ಸೆನ್ಸರ್ ತೀರಾ ಚಿಕ್ಕದು, ಮೋಡದ ಬೆಳಗಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ.

ಕಂತಿನ ಮಾತೂ ಬಂತು. ಬಡ್ಡಿ ಸಾಲ ನಮ್ಮ ಮನೆಯೊಳಗೆ ಬರುವುದಿಲ್ಲ. ಬಡ್ಡಿ ಇಲ್ಲದ ಕಂತು ಎಂದು ಬೋರ್ಡ್ ಹಾಕಿದ ಕಡೆ ವಿಚಾರಿಸಿದೆ. ನಗದು ಕೊಟ್ಟರೆ ಸಿಗುವ ರಿಯಾಯಿತಿ ಕಂತಿಗೆ ಇಲ್ಲ, ಮೇಲೆ ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಜಿಎಸ್‌ಟಿ. ಎಲ್ಲ ಕೂಡಿಸಿದರೆ ಅದು ಬಡ್ಡಿಯೇ, ಹೆಸರು ಮಾತ್ರ ಬೇರೆ. ಅಬ್ಬಾ ಈ ಪ್ಯಾರಾದ ಪಕ್ಕದಲ್ಲಿ ಟಿಕ್ ಹಾಕಿದರು.

ಕೊನೆಗೆ ಉಳಿದದ್ದು ಕ್ಯಾನನ್‌ನ ಎರಡು ಅಗ್ಗದ ಲೆನ್ಸ್. 75-300ರಲ್ಲಿ 50 ಎಂಎಂ ಹೆಚ್ಚು, ಆದರೆ ಐಎಸ್, ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ. 55-250ರಲ್ಲಿ ಅದು ಇದೆ. ನಮ್ಮ ಸೆನ್ಸರ್ ಚಿಕ್ಕದಾದ್ದರಿಂದ 250 ಎಂಎಂ ನೋಟ 400 ಎಂಎಂನಷ್ಟು ಇಕ್ಕಟ್ಟಾಗುತ್ತದೆ. ಲೆನ್ಸ್ ಉದ್ದವಾಗುವುದಿಲ್ಲ, ಸುತ್ತಲಿನದು ಕತ್ತರಿಸಿ ಹೋಗುತ್ತದೆ, ಅಷ್ಟೇ. ಕೈಯಲ್ಲಿ ಹಿಡಿದು ತೆಗೆಯಲು ಸೆಕೆಂಡಿನ 400ನೇ ಒಂದು ಭಾಗ ಬೇಕು ಎಂಬುದು ಹಳೆಯ ಲೆಕ್ಕ. ಐಎಸ್ ಇದ್ದರೆ ಕುಳಿತ ಹಕ್ಕಿಯನ್ನು 100ನೇ ಭಾಗದಲ್ಲೂ ತೆಗೆಯಬಹುದು. ಆದರೆ ಹಾರುವ ಹಕ್ಕಿಗೆ ಇದರಿಂದ ಏನೂ ಪ್ರಯೋಜನ ಇಲ್ಲ. ಅದು ನಮ್ಮ ಕೈಯನ್ನು ನಿಲ್ಲಿಸುತ್ತದೆ, ಹಕ್ಕಿಯನ್ನಲ್ಲ. ರೆಕ್ಕೆಗೆ 1,000ನೇ ಭಾಗಕ್ಕಿಂತ ವೇಗ ಬೇಕು. 55-250ರಲ್ಲಿ ಮೂರು ಬಗೆ ಇವೆ: ಐಎಸ್, ಐಎಸ್-2, ಐಎಸ್ ಎಸ್‌ಟಿಎಂ. ಕೊನೆಯದು 2013ರದ್ದು, ಫೋಕಸ್ ಸದ್ದಿಲ್ಲದೆ ಆಗುತ್ತದೆ. ನನ್ನ ಆಯ್ಕೆ ಅದೇ.

ನಿಕಾನ್ ಇರುವವರಿಗೆ ಒಂದು ಎಚ್ಚರಿಕೆ. 3000, 5000 ಸರಣಿಯ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಎಎಫ್-ಪಿ 70-300 ಒಳ್ಳೆಯ, ಹಗುರ ಲೆನ್ಸ್, ಆದರೆ ಡಿ90, ಡಿ3000 ಮುಂತಾದ ಹಳೆಯ ಕ್ಯಾಮೆರಾಗಳಲ್ಲಿ ಅದರ ಫೋಕಸ್ ಕೆಲಸವೇ ಮಾಡುವುದಿಲ್ಲ. ನಿಮ್ಮ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ.

ಹಳೆಯ ಲೆನ್ಸ್ ಕೊಳ್ಳುವಾಗ ಈ ಬಾರಿ ನಾನು ಮುಕ್ಕಾಲು ಗಂಟೆ ತೆಗೆದುಕೊಂಡೆ, ಅಂಗಡಿಯವರಿಗೆ ಸಾಕಾಗಿತ್ತು. ಎರಡೂ ಕಡೆಯ ಮುಚ್ಚಳ ತೆಗೆದು ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಹಿಡಿದು ಇನ್ನೊಂದು ಕಡೆಯಿಂದ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ದಾರದಂತೆ ಹಬ್ಬಿದ್ದರೆ ಬೂಷ್ಟು, ಹೊಗೆಯಂತೆ ಮಂಕಾಗಿದ್ದರೆ ಅದೂ ಬೇಡ. ಜೂಮ್ ತಿರುಗಿಸುವಾಗ ಎಲ್ಲೂ ತಡೆಯಬಾರದು, ಮರಳಿನ ಸದ್ದು ಬರಬಾರದು. ಆಮೇಲೆ ಕ್ಯಾಮೆರಾಕ್ಕೆ ಹಾಕಿ, ಅಂಗಡಿಯ ಬಾಗಿಲಿಗೆ ಬಂದು, ಎದುರು ಸಾಲಿನ ಬೋರ್ಡಿನ ಸಣ್ಣ ಅಕ್ಷರಗಳನ್ನು 250ರಲ್ಲಿ ತೆಗೆದು, ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸ್ ಎಂದೋ ಬಿದ್ದಿರಬಹುದು. ಎಸ್‌ಟಿಎಂ ಲೆನ್ಸಿನ ಫೋಕಸ್ ಬಳೆ ಕ್ಯಾಮೆರಾದಿಂದ ಕರೆಂಟ್ ಇಲ್ಲದೆ ಕೆಲಸ ಮಾಡುವುದಿಲ್ಲ, ಕೈಯಲ್ಲಿ ತಿರುಗಿಸಿ ಕೆಟ್ಟಿದೆ ಎಂದುಕೊಳ್ಳಬೇಡಿ. 9,500 ಹೇಳಿದರು, 8,800ಕ್ಕೆ ಒಪ್ಪಿದರು. ಸೀರಿಯಲ್ ನಂಬರ್ ಬರೆಸಿ ಬಿಲ್ ಪಡೆದೆ.

ಲೆನ್ಸ್ ಖರ್ಚೋ ಆಸ್ತಿಯೋ ಎಂದು ಅಬ್ಬಾ ಕೇಳಿದ್ದರು. ಮೂರು ವರ್ಷ ಬಳಸಿ 6,400ಕ್ಕೆ ಮಾರಿದರೆ ಸವಕಳಿ 2,400. ಸ್ಟ್ರೈಟ್ ಲೈನ್ ಪದ್ಧತಿಯಲ್ಲಿ ವರ್ಷಕ್ಕೆ 800, ತಿಂಗಳಿಗೆ 67 ರೂಪಾಯಿ. ಬೂಷ್ಟು ಬಂದರೆ ಈ ಲೆಕ್ಕವೆಲ್ಲ ಸುಳ್ಳು. ಅದಕ್ಕೇ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್ ಕೊಂಡೆ, 350 ರೂಪಾಯಿ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ, ಬಟ್ಟೆಯ ಬೀರುವಿನಲ್ಲಿ ಇಡಬೇಡಿ. ಹಳೆಯ ಲೆನ್ಸ್ ಬೀರುವಿನಲ್ಲೇ ಇದೆ. ರಿಪೇರಿಗೆ ಎರಡು ಸಾವಿರ ಕೇಳಿದರು, ಕೊಡಲಿಲ್ಲ. ಹೋದ ಹಣದ ಹಿಂದೆ ಇನ್ನಷ್ಟು ಹಣ ಕಳುಹಿಸಲು ಮನಸ್ಸಾಗಲಿಲ್ಲ.

ಟ್ರೈಪಾಡ್ ಕೊಳ್ಳಲಿಲ್ಲ. ಅಮ್ಮಿ ತಮ್ಮನ ಹಳೆಯ ಜೀನ್ಸ್ ಕಾಲನ್ನು ಕತ್ತರಿಸಿ ಹೊಲಿದು ರಾಗಿ ತುಂಬಿಸಿ ಕೊಟ್ಟರು. ಕಲ್ಲಿನ ಮೇಲೆ ಅದನ್ನಿಟ್ಟು ಅದರ ಮೇಲೆ ಲೆನ್ಸ್ ಇಟ್ಟರೆ ಕ್ಯಾಮೆರಾ ಅಲುಗುವುದಿಲ್ಲ. (ಕಳೆದ ವಾರ ಮುದ್ದೆಗೆ ರಾಗಿ ಸಾಲದೆ ಬಂದಾಗ ಚೀಲ ಸ್ವಲ್ಪ ತೆಳ್ಳಗಾಯಿತು.)

ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕೂರುವುದು. ಮೇಲಿನ ಭಾಗಾಕಾರವನ್ನು ಮತ್ತೆ ನೋಡಿ. ದೂರ ಹತ್ತು ಮೀಟರಿನಿಂದ ಐದಕ್ಕೆ ಇಳಿದರೆ 250 ಎಂಎಂ ಲೆನ್ಸ್ 500ರಂತೆ ಆಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ನಾವು ಹತ್ತಿರ ಹೋದರೆ ಮಿಂಚುಳ್ಳಿ ಹಾರುತ್ತದೆ. ಆದರೆ ಅದು ದಿನವೂ ಬಂದು ಕೂರುವ ಕೊಂಬೆ ಒಂದೆರಡು ಇರುತ್ತವೆ. ಮಣ್ಣಿನ ಬಣ್ಣದ ದುಪಟ್ಟಾ ಹೊದ್ದು ಅದರ ಹತ್ತಿರ ಮೊದಲೇ ಹೋಗಿ ಕುಳಿತರೆ ಅದೇ ಬರುತ್ತದೆ. ಗೂಡಿನ ಹತ್ತಿರ ಮಾತ್ರ ಹೀಗೆ ಕೂರಬಾರದು. ತಾಯಿ ಹಕ್ಕಿ ಹೊರಗೇ ಉಳಿದರೆ ಮರಿಗಳು ಹಸಿಯುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನೂ ಕೆರೆಯಲ್ಲಿ ನೋಡಿದ್ದೇನೆ, ನನಗೆ ಅದು ಇಷ್ಟವಾಗಲಿಲ್ಲ.

ಮುಂದೆ ರಂಗನತಿಟ್ಟಿಗೆ ಹೋಗಬೇಕು. ಡಾ. ಸಲೀಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಒಡೆಯರ ಕಾಲದ ಮೈಸೂರು ಸಂಸ್ಥಾನ ಕಾವೇರಿಯ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಎಂದು ಘೋಷಿಸಿತು. ಅಲ್ಲಿ ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಎತ್ತರ. ಮೂವತ್ತು ಮೀಟರ್ ದೂರದಲ್ಲಿದ್ದರೂ 250 ಎಂಎಂನಲ್ಲಿ 8.3 ಮಿ.ಮೀ. ಆಗುತ್ತದೆ, ಸೆನ್ಸರಿನ ಎತ್ತರದ ಅರ್ಧಕ್ಕಿಂತ ಹೆಚ್ಚು. ದೊಡ್ಡ ಲೆನ್ಸ್ ಇಲ್ಲದವರಿಗೆ ದೊಡ್ಡ ಹಕ್ಕಿ! ದೋಣಿ ಅಲುಗುವುದರಿಂದ ಶಟರ್ ವೇಗ ಹೆಚ್ಚಿಡಬೇಕು. ನದಿಗೆ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಲೆನ್ಸಿನ ಅಳತೆ ನೋಡಿ ಕ್ಯಾಮೆರಾ ಶುಲ್ಕ ತೆಗೆದುಕೊಳ್ಳುವುದೂ ಇದೆ, ವಿಚಾರಿಸಿಕೊಂಡು ಹೋಗಿ.

ಹೋದ ಭಾನುವಾರ ಅಬ್ಬಾ ಎರಡನೇ ಸುತ್ತು ಮುಗಿಸಿ ಬರುವಷ್ಟರಲ್ಲಿ ಮಿಂಚುಳ್ಳಿ ಕೊಂಬೆಗೆ ಬಂದಿತ್ತು, ಬಾಯಲ್ಲಿ ಮೀನು. ಅಬ್ಬಾ ದೂರದಲ್ಲೇ ನಿಂತುಬಿಟ್ಟರು, ಚಪ್ಪಲಿ ಸದ್ದು ಮಾಡಲಿಲ್ಲ. ಆಮೇಲೆ ಕ್ಯಾಮೆರಾ ತೆಗೆದುಕೊಂಡು ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಮೀನಿನ ಕಣ್ಣೂ ಕಾಣುತ್ತಲ್ಲ" ಎಂದರು. ಸ್ಕೂಟರ್ ಹತ್ತುವಾಗ ಉಳಿದ ಹಣ ಎಷ್ಟು ಎಂದು ಕೇಳಿದರು. 450 ಎಂದೆ. ರಂಗನತಿಟ್ಟಿಗೆ ಪೆಟ್ರೋಲ್ ತಾನು ಹಾಕಿಸುತ್ತೇನೆ, ದೋಣಿಗೂ ಕ್ಯಾಮೆರಾ ಶುಲ್ಕಕ್ಕೂ ಅದನ್ನು ಇಟ್ಟುಕೋ ಎಂದರು.