ಕೇಪಿನ ಕೋವಿಗೆ ಉಣ್ಣೆಯ ಬಿಲ್ಲೆ: ಮನೆಯಲ್ಲೇ ಮಾಡುವ ಕ್ರಮ

ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದು, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಇರಿಸಿಕೊಂಡಿರುವ ಬೇಸಾಯಗಾರರು ಮಲೆಯ ಅಂಚಿನ ಊರುಗಳಲ್ಲಿ ಇಂದಿಗೂ ಅಲ್ಲಲ್ಲಿ ಉಂಟು. ನಾವು ಇದನ್ನು ಕೇಪಿನ ಕೋವಿ, ನಾಡಕೋವಿ ಎನ್ನುತ್ತೇವೆ. ತಮಿಳರು ನಾಟ್ಟುತ್ತುಪ್ಪಾಕ್ಕಿ ಎನ್ನುತ್ತಾರೆ. ಕೋವಿಯ ಮರಕ್ಕೆ ಎಣ್ಣೆ ಹಚ್ಚಿ ಹೊಳಪು ಕೊಡುವವರು ಬಹಳ ಮಂದಿ. ಆದರೆ ಮದ್ದಿನ ಮೇಲೆ ಏನನ್ನು ಜಡಿಯಬೇಕು ಎಂಬ ಸಣ್ಣ ಸಂಗತಿಯನ್ನು ಯೋಚಿಸುವವರು ಕಡಿಮೆ. ಕೈಗೆ ಸಿಕ್ಕ ತೆಂಗಿನ ನಾರು, ಹಳೆಯ ಪತ್ರಿಕೆಯ ಹಾಳೆ, ಹರಕು ಬಟ್ಟೆ, ಇವೇ ಸಾಕೆಂಬುದು ರೂಢಿ. ಈ ರೂಢಿಯಿಂದ ನಳಿಗೆಗೂ ಕೇಡು, ಅದಕ್ಕಿಂತ ಹೆಚ್ಚಾಗಿ ಕಾಡಿಗೂ ಕೇಡು. ಆದುದರಿಂದ ಈ ವಾರದ ಪಾಠದಲ್ಲಿ ಮೇಣ ಮತ್ತು ಕೊಬ್ಬು ಕುಡಿಸಿದ ಉಣ್ಣೆಯ ಬಿಲ್ಲೆಯನ್ನು ಮಾಡುವ ಕ್ರಮವನ್ನು ತಿಳಿಸಲಾಗಿದೆ.

ಬಿಲ್ಲೆಯ ಕೆಲಸವೇನು?

ಬಿಲ್ಲೆ ಮಾಡುವ ಕೆಲಸ ಮೂರು. ಮೊದಲನೆಯದು, ಮದ್ದು ಉರಿದಾಗ ಹುಟ್ಟುವ ಅನಿಲ ಸಂದಿಗಳಲ್ಲಿ ನುಸುಳಿ ಹೋಗದಂತೆ ತಡೆದು, ಅದರ ಬಲವೆಲ್ಲ ಚರೆಯ ಹಿಂದೆಯೇ ಬೀಳುವಂತೆ ಮಾಡುವುದು. ಎರಡನೆಯದು, ನಳಿಗೆಯನ್ನು ಒರಸುತ್ತ ಹೋಗುವುದು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಕಿಟ್ಟವಾಗಿ ಉಳಿಯುತ್ತದೆ. ಈ ಕಿಟ್ಟ ಒಣಗಿದರೆ ಗಟ್ಟಿ ಹೊಪ್ಪಳೆಯಾಗುತ್ತದೆ; ಮೂರು ನಾಲ್ಕು ಈಡು ಆಗುವಷ್ಟರಲ್ಲಿ ಗಜ ಕೆಳಗಿಳಿಯುವುದೇ ಕಷ್ಟವಾಗುತ್ತದೆ. ಬಿಲ್ಲೆಯಲ್ಲಿರುವ ಜಿಡ್ಡು ಕಿಟ್ಟವನ್ನು ಮೆದುವಾಗಿ ಇರಿಸುತ್ತದೆ. ಮೂರನೆಯದು, ಉರಿಯನ್ನು ಹೊರಗೆ ಒಯ್ಯದಿರುವುದು. ಈ ಮೂರನೆಯದೇ ನಮ್ಮ ಸೀಮೆಗೆ ಮುಖ್ಯ.

ತೆಂಗಿನ ನಾರು, ಕಾಗದ, ಹತ್ತಿಬಟ್ಟೆ, ಇವು ನಳಿಗೆಯಿಂದ ಹೊರಬೀಳುವಾಗ ಕಿಡಿ ಹೊತ್ತುಕೊಂಡೇ ಬೀಳುತ್ತವೆ. ಬಿದ್ದಲ್ಲಿ ಒಳಗೊಳಗೇ ಕನಲುತ್ತವೆ. ಮಸಿನಗುಡಿಯ ಕಡೆ ಜನವರಿ ಕಳೆದ ಮೇಲೆ ಹುಲ್ಲು ಒಣಗಿ, ಲಂಟಾನದ ಪೊದೆ ಕಡ್ಡಿಯಾಗಿ ನಿಂತಿರುತ್ತದೆ. ಹೊಡೆದವನು ಮನೆಗೆ ಹೋಗಿ ಮಲಗಿದ ಮೇಲೆ ಗಾಳಿ ಬೀಸಿದರೆ ಸಾಕು. ಉಣ್ಣೆಯ ಗುಣ ಬೇರೆ. ಅದಕ್ಕೆ ಬೆಂಕಿ ಬೇಗ ಹತ್ತದು. ಹತ್ತಿದರೂ ಜ್ವಾಲೆ ದೂರವಾದೊಡನೆ ತಾನಾಗಿಯೇ ನಂದುವ ಸ್ವಭಾವ ಅದರದು.

ಬೇಕಾಗುವ ಸಾಮಾನು

ಅಪ್ಪಟ ಉಣ್ಣೆಯ ಫೆಲ್ಟು, ಅಂದರೆ ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ, ಸುಮಾರು 3 ಮಿಲಿಮೀಟರು ದಪ್ಪದ್ದು, ಜೇನುಮೇಣ 50 ಗ್ರಾಂ, ಉಪ್ಪು ಸೇರದ ಕುರಿಕೊಬ್ಬು 50 ಗ್ರಾಂ, ಒಂದು ದೊಡ್ಡ ಪಾತ್ರೆ, ಅದರೊಳಗೆ ಕೂರುವ ಒಂದು ಸಣ್ಣ ಪಾತ್ರೆ, ಚಿಮಟ, ಎರಡು ಹಲಗೆ ತುಂಡು, ಮುಚ್ಚಳವಿರುವ ತಗಡಿನ ಡಬ್ಬಿ. ಈ ಅಳತೆಯ ಜಿಡ್ಡು ನೂರಕ್ಕೂ ಹೆಚ್ಚು ಬಿಲ್ಲೆಗಳಿಗೆ ಸಾಕು.

ಉಣ್ಣೆಯನ್ನು ಪರೀಕ್ಷಿಸಿಯೇ ಕೊಳ್ಳಿರಿ. ಅಂಗಡಿಯಲ್ಲಿ ಉಣ್ಣೆಯೆಂದು ಮಾರುವ ಬಟ್ಟೆಯಲ್ಲಿ ನೈಲಾನು, ಪಾಲಿಯೆಸ್ಟರು ಬೆರೆತಿರುವುದುಂಟು. ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅದನ್ನು ಮುಟ್ಟಬೇಡಿ. ಅಂಥದು ನಳಿಗೆಯೊಳಗೆ ಕರಗಿ ಅಂಟುತ್ತದೆ.

ಫೆಲ್ಟು ಸಿಗದಿದ್ದರೆ ಹಳೆಯ ಕುರಿಕಂಬಳಿಯೂ ಆದೀತು. ಕಂಬಳಿಯ ತುಂಡನ್ನು ಸಾಬೂನು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಚೆನ್ನಾಗಿ ತಿಕ್ಕಿ, ತಣ್ಣೀರಿಗೆ ಅದ್ದಿ, ಮತ್ತೆ ಬಿಸಿನೀರಿಗೆ ಹಾಕಿ ತಿಕ್ಕಬೇಕು. ಹೀಗೆ ನಾಲ್ಕೈದು ಸಲ ಮಾಡಿದರೆ ನೂಲುಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ನೀಲಗಿರಿ ಕುರಿ ನಯವಾದ ಉಣ್ಣೆಗೆ ಹೆಸರಾದ ತಳಿ. ಉದಕಮಂಡಲದ ಹತ್ತಿರದ ಸ್ಯಾಂಡಿನಲ್ಲದಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾನಿಲಯದ ಕುರಿ ಸಂಶೋಧನಾ ಕೇಂದ್ರದವರು ಈ ತಳಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಕುರಿ ಸಾಕಿದವರು ಕತ್ತರಿಸಿದ ಉಣ್ಣೆಯನ್ನೇ ಹಿಂಜಿ, ಅಡ್ಡಡ್ಡ ಉದ್ದುದ್ದ ಪದರ ಹಾಸಿ, ಬಿಸಿ ಸಾಬೂನುನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ ಹೊರಳಿಸಿ ಫೆಲ್ಟು ಮಾಡಿಕೊಳ್ಳಬಹುದು.

ಮೇಣಕ್ಕೆ ನಮ್ಮ ಮಲೆಯಲ್ಲಿ ಬಡತನವಿಲ್ಲ. ಕುರುಂಬರು, ಇರುಳರು, ಕಾಟ್ಟುನಾಯಕರು ಹೆಜ್ಜೇನು ಇಳಿಸುವುದು ತಲೆತಲಾಂತರದ ಕಸುಬು. ಜೇನು ಹಿಂಡಿದ ಮೇಲೆ ಉಳಿದ ಹುಟ್ಟನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಡಿ. ಮೇಣ ಮೇಲೆ ತೇಲಿ ಬಿಲ್ಲೆಗಟ್ಟುತ್ತದೆ. ಅಡಿಯಲ್ಲಿ ಹತ್ತಿದ ಕೊಳೆಯನ್ನು ಚಾಕುವಿನಿಂದ ಕೆರೆದು ತೆಗೆಯಿರಿ.

ಕೊಬ್ಬನ್ನು ಸಣ್ಣಗೆ ಹೆಚ್ಚಿ, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ ಹೆಪ್ಪನ್ನು ಎತ್ತಿಕೊಳ್ಳಬೇಕು. ಉಪ್ಪು ಸ್ವಲ್ಪವೂ ಇರಬಾರದು, ಉಪ್ಪೆಂದರೆ ತುಕ್ಕು. ಮಾಂಸ ಮುಟ್ಟದ ಮನೆಯವರು ಕೊಬ್ಬಿನ ಬದಲು ಹರಳೆಣ್ಣೆ ಅಥವಾ ತುಪ್ಪ ಬಳಸಬಹುದು. ಯಂತ್ರದ ಎಣ್ಣೆ, ಗ್ರೀಸು ಬೇಡ; ಕರಿಮದ್ದಿನೊಡನೆ ಅವು ಟಾರಿನಂಥ ಕಿಟ್ಟ ಕಟ್ಟುತ್ತವೆ.

ಜಿಡ್ಡಿನ ವಿಷಯ ಸಣ್ಣದೆಂದು ಯಾರೂ ಎಣಿಸಬೇಕಾಗಿಲ್ಲ. 1857ರಲ್ಲಿ ಎನ್‌ಫೀಲ್ಡ್ ರೈಫಲಿನ ತೋಟೆಗೆ ದನದ ಮತ್ತು ಹಂದಿಯ ಕೊಬ್ಬು ಹಚ್ಚಿದೆಯೆಂಬ ಸುದ್ದಿ ಸಿಪಾಯಿಗಳಲ್ಲಿ ಹರಡಿತು. ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಬೇಕಾದ ಜಿಡ್ಡನ್ನು ನೀವೇ ಹಚ್ಚಿಕೊಳ್ಳಿರೆಂದು ಸರಕಾರ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಆ ವರ್ಷದ ಮೇ 10ರಂದು ಮೀರತ್ತಿನಲ್ಲಿ ದಂಗೆ ಎದ್ದಿತು. ತನ್ನ ಕೈಯಿಂದ ಮಾಡಿಕೊಂಡ ಜಿಡ್ಡಿನಲ್ಲಿ ಏನಿದೆಯೆಂಬುದು ತನಗೆ ಗೊತ್ತಿರುತ್ತದೆ. ಮನೆಯಲ್ಲೇ ಮಾಡುವುದರ ಒಂದು ಲಾಭ ಇದೂ ಹೌದು.

ಮಾಡುವ ಕ್ರಮ

1. ಮೊದಲು ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ನಳಿಗೆಯ ಬಾಯಿಯ ಒಳ ಅಗಲವನ್ನು ಅಳೆಯಿರಿ. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರು. ನಾಡಕೋವಿಗಳ ಅಳತೆ ಒಂದೇ ಸಮ ಇರುವುದಿಲ್ಲ; ಆದುದರಿಂದ ನಿಮ್ಮ ಕೋವಿಯನ್ನೇ ಅಳೆಯತಕ್ಕದ್ದು. ಬಿಲ್ಲೆ ಅದಕ್ಕಿಂತ ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಅಗಲವಾಗಿರಲಿ; ಬಿಗಿಯಾಗಿ ಕೂರಬೇಕು, ಗುದ್ದಿ ತುರುಕುವಂತಿರಬಾರದು.

2. ಆ ಅಗಲದ ಉಕ್ಕಿನ ಕೊಳವೆಯ ತುದಿಯನ್ನು ಕಮ್ಮಾರನಲ್ಲಿ ಚೂಪು ಮಾಡಿಸಿಕೊಳ್ಳಿ. ಮರದ ಕೊರಡಿನ ಮೇಲೆ ಫೆಲ್ಟನ್ನು ಹಾಸಿ, ಕೊಳವೆಯನ್ನು ನೆಟ್ಟಗೆ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ದುಂಡಗೆ ಬಿಲ್ಲೆ ಬರುತ್ತದೆ.

3. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಮೇಣ ಕರಗಿಸಿ. ಕರಗಿದ ಮೇಲೆ ಕೊಬ್ಬು ಸೇರಿಸಿ ಕಲಕಿ. ಮೇಣ 62 ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಕುದಿನೀರಿನ ಶಾಖವೇ ಸಾಕು. ನೇರ ಉರಿಯ ಮೇಲೆ ಇಡಲೇಬಾರದು. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಮುಚ್ಚಳ ಮುಚ್ಚಿ ಉರಿ ಆರಿಸಿ. ಈ ಕೆಲಸ ಮಾಡುವ ಕೋಣೆಯಲ್ಲಿ ಮದ್ದಾಗಲಿ ಕೇಪಾಗಲಿ ಇರಕೂಡದು.

4. ಬಿಲ್ಲೆಗಳನ್ನು ಹತ್ತು ಹತ್ತರಂತೆ ಜಿಡ್ಡಿನಲ್ಲಿ ಮುಳುಗಿಸಿ ಒಂದೆರಡು ನಿಮಿಷ ಬಿಡಿ. ಚಿಮಟದಿಂದ ತೆಗೆದು ಎರಡು ಹಲಗೆಗಳ ನಡುವೆ ಒತ್ತಿ ಹೆಚ್ಚಿನ ಜಿಡ್ಡನ್ನು ಇಳಿಸಿ. ತಟ್ಟೆಯಲ್ಲಿ ಆರಿಸಿ ಡಬ್ಬಿಗೆ ತುಂಬಿ. ಮುಚ್ಚಳ ಭದ್ರವಾಗಿರಲಿ, ಕೊಬ್ಬಿನ ವಾಸನೆಗೆ ಇಲಿ ಬಾರದೆ ಇರದು.

ಮಲೆಗೊಂದು ಪಾಕ, ಬಯಲಿಗೊಂದು ಪಾಕ

ನೀಲಗಿರಿ ಒಂದೇ ಜಿಲ್ಲೆಯಾದರೂ ಹವೆ ಒಂದಲ್ಲ. ಉದಕಮಂಡಲ ಸುಮಾರು 2,240 ಮೀಟರು ಎತ್ತರದಲ್ಲಿದೆ. ಡಿಸೆಂಬರು ಜನವರಿಯಲ್ಲಿ ಅಲ್ಲಿ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮಸಿನಗುಡಿ ಅದಕ್ಕಿಂತ ಸಾವಿರ ಮೀಟರಿಗೂ ಮಿಕ್ಕಿ ಕೆಳಗೆ, ಮಳೆಯ ಮರೆಯಲ್ಲಿದೆ. ಸಮಪಾಲಿನ ಪಾಕ ಮಧ್ಯಮ ಹವೆಗೆ ಸರಿ. ಮಸಿನಗುಡಿಯ ಬೇಸಗೆಗೆ ಮೇಣ ಎರಡು ಪಾಲು, ಕೊಬ್ಬು ಒಂದು ಪಾಲು ಇರಲಿ. ಇಲ್ಲವಾದರೆ ಜಿಡ್ಡು ಕರಗಿ ಮದ್ದಿಗೆ ಇಳಿದೀತು. ಉದಕಮಂಡಲದ ಚಳಿಗೆ ಕೊಬ್ಬು ಎರಡು ಪಾಲು, ಮೇಣ ಒಂದು ಪಾಲು. ಗೂಡಲೂರಿನ ಮಳೆಗಾಲಕ್ಕೆ ಸಮಪಾಲೇ ಒಳ್ಳೆಯದು. ಪರೀಕ್ಷೆ ಸುಲಭ: ಆರಿದ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ. ಪುಡಿ ಉದುರಿದರೆ ಮೇಣ ಹೆಚ್ಚು, ಬೆರಳಿಗೆ ಮೆತ್ತಿಕೊಂಡರೆ ಕೊಬ್ಬು ಹೆಚ್ಚು. ಬರಿಯ ಹೊಳಪು ಹತ್ತಿದರೆ ಪಾಕ ಹದವಾಗಿದೆ.

ತುಂಬುವಾಗ ನೆನಪಿಡಬೇಕಾದ್ದು

ಜಿಡ್ಡಿನ ಬಿಲ್ಲೆ ನೇರವಾಗಿ ಮದ್ದಿಗೆ ತಾಕಬಾರದು. ಮದ್ದು ನೆಂದು ಕೆಡುತ್ತದೆ. ನಡುವೆ ಅದೇ ಅಗಲದ ಒಣ ರಟ್ಟಿನ ಬಿಲ್ಲೆಯೊಂದು ಇರಲಿ. ಅದರ ಮೇಲೆ ಉಣ್ಣೆಬಿಲ್ಲೆ, ಆಮೇಲೆ ಚರೆ, ಕೊನೆಗೆ ತೆಳು ರಟ್ಟು. ಒಳಗೆ ಸುರುಳಿಗೆರೆಯಿರುವ ರೈಫಲಾದರೆ, ಬಟ್ಟೆ ಸುತ್ತಿದ ಗುಂಡಿನ ಕೆಳಗೆ ಈ ಬಿಲ್ಲೆ ಕೂರುತ್ತದೆ. ಬಟ್ಟೆ ಸುಡದಂತೆ ಅದು ಕಾಯುತ್ತದೆ.

ಮದ್ದಿಗೂ ಬಿಲ್ಲೆಗೂ ನಡುವೆ ಬರಿದು ಜಾಗ ಉಳಿದರೆ ನಳಿಗೆ ಸಿಡಿಯುವ ಭಯವುಂಟು. ಆದುದರಿಂದ ಖಾಲಿ ಕೋವಿಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ, ಸರಿಯಾಗಿ ತುಂಬಿದಾಗ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಗಜದ ಮೇಲೆ ಎರಡು ಗೆರೆ ಹಾಕಿಡಿ. ಜಡಿಯುವಾಗ ಮುಖ ಬಾಯಿಗೆ ನೇರವಾಗಿರಬಾರದು. ಒಂದು ಈಡಾದ ಮೇಲೆ ಒದ್ದೆಬಟ್ಟೆಯಿಂದ ನಳಿಗೆ ಒರಸಿ, ಕಿಡಿಯಿಲ್ಲವೆಂದು ತಿಳಿದ ಮೇಲೆಯೇ ಮತ್ತೆ ತುಂಬತಕ್ಕದ್ದು. ಲೈಸೆನ್ಸಿರುವ ಅಂಗಡಿಯ ಕರಿಮದ್ದು ಬಿಟ್ಟು ಬೇರೇನೂ ಬೇಡ. ಅರುವಂಕಾಡಿನ ಕಾರ್ಖಾನೆಯಿಂದಾಗಿ ಕಾರ್ಡೈಟಿನ ಹೆಸರು ನಮ್ಮ ಮಲೆಯಲ್ಲಿ ಎಲ್ಲರಿಗೂ ಗೊತ್ತು. ಅಂಥ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಕೇಪಿನ ಕೋವಿಗೆ ಹೋಗಬಾರದು. ಅದರ ಒತ್ತಡವನ್ನು ಹಳೆಯ ನಳಿಗೆ ತಡೆಯದು.

ಬಳಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಿಡಿ. ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಗೂಡಲೂರಿನ ಆಷಾಢದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಕಾಣಿಸುತ್ತದೆ.

ಕಾನೂನಿನ ಎಲ್ಲೆ

1959ರ ಆಯುಧ ಕಾಯಿದೆಯ 13ನೆಯ ಪ್ರಕರಣದಲ್ಲಿ, ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸು ಕೊಡುವ ಮಾತು ಸ್ಪಷ್ಟವಾಗಿ ಇದೆ. ಆದರೆ ಲೈಸೆನ್ಸು ಕೋವಿ ಇರಿಸಿಕೊಳ್ಳಲು ಮಾತ್ರ. ಪ್ರಾಣಿಯನ್ನು ಕೊಲ್ಲಲು ಅಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯಿದೆ ಬಂದ ಮೇಲೆ, ಹೊಲಕ್ಕೆ ನುಗ್ಗಿದ ಹಂದಿಯನ್ನಾದರೂ ಅಧಿಕಾರಿಗಳ ಅಪ್ಪಣೆಯಿಲ್ಲದೆ ಹೊಡೆದರೆ ಅಪರಾಧ. ಸದ್ದಿಗಾಗಿ ಮಾತ್ರ ಹಾರಿಸುವುದಿದ್ದರೂ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಮುದುಮಲೆ ಅಭಯಾರಣ್ಯದ ನೆರೆಯವರು ಇನ್ನೂ ಕೆಲವು ಸಂಗತಿ ತಿಳಿದಿರಬೇಕು. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು ತಮ್ಮ ಹೆಸರನ್ನು ನೋಂದಾಯಿಸಬೇಕೆಂದು ಆ ಕಾಯಿದೆಯ 34ನೆಯ ಪ್ರಕರಣ ಹೇಳುತ್ತದೆ. ಆ ವಲಯದಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಸಮ್ಮತಿ ಬೇಕು. ಲಿಖಿತ ಅಪ್ಪಣೆಯಿಲ್ಲದೆ ಆಯುಧದೊಡನೆ ಅಭಯಾರಣ್ಯದೊಳಗೆ ಕಾಲಿಡಬಾರದು. ಅಪಾಯವಾಗುವಂತೆ ಅಲ್ಲಿ ಬೆಂಕಿ ಹೊತ್ತಿಸುವುದೂ, ಉರಿಯುವುದನ್ನು ಬಿಟ್ಟುಹೋಗುವುದೂ 30ನೆಯ ಪ್ರಕರಣದಂತೆ ನಿಷಿದ್ಧ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸು ವಿನಾಯಿತಿಯನ್ನು ಕಂಡು, ನಮ್ಮ ಬೇಸಾಯಗಾರರು ತಮಗೂ ಅದುಂಟೆಂದು ಭಾವಿಸಬಾರದು.

ಕೊನೆಯ ಮಾತು

ಈ ಪಾಠದ ಸಾರ ಇಷ್ಟೆ: ಅಪ್ಪಟ ಉಣ್ಣೆ, ಉಪ್ಪಿಲ್ಲದ ಜಿಡ್ಡು, ಹವೆಗೆ ತಕ್ಕ ಪಾಕ, ನಡುವೆ ಒಣ ರಟ್ಟು. ಉಣ್ಣೆಯೆಂಬ ಧೈರ್ಯದಿಂದ ನೋಡದೆ ಹೋಗಲೂಬಾರದು. ಈಡಾದ ಮೇಲೆ ಬಿಲ್ಲೆ ಬಿದ್ದ ಕಡೆಗೆ ನಡೆದು, ಹುಡುಕಿ, ಕಾಲಿನಿಂದ ತುಳಿದು, ಅದು ತಣ್ಣಗಿದೆಯೆಂದು ಕಂಡ ಮೇಲೆಯೇ ಮನೆಗೆ ಹೊರಡಿ. ಹಂದಿ ತಿಂದ ಗೆಣಸು ಮುಂದಿನ ಬೆಳೆಗೆ ಮತ್ತೆ ಬಂದೀತು. ಸುಟ್ಟ ಕಾಡು, ಅದರೊಡನೆ ಒಣಗಿದ ತೊರೆ, ನಮ್ಮ ಆಯುಷ್ಯದಲ್ಲಿ ಮರಳಿ ಬರಲಾರದು.