ಪ್ರೋಟೀನಿನ ಆಕಾರ: ನರಸಂದೇಶ ಮತ್ತು ರೋಗರಕ್ಷಣೆ

ಕಟ್ಟುಹಾವು ರಾತ್ರಿಯ ವೇಳೆ ಸಂಚರಿಸುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದಾಗ ನೋವಾಗಲಿ ಬಾವಾಗಲಿ ಅನೇಕ ವೇಳೆ ಕಾಣಿಸುವುದಿಲ್ಲ. ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಶ್ಚಲವಾಗುತ್ತವೆ. ಹಾವನ್ನೇ ಕಾಣದ ಕೆಲವರಲ್ಲಿಯೂ ಇಂತಹ ಲಕ್ಷಣಗಳು ಮೆಲ್ಲಮೆಲ್ಲನೆ ತಲೆದೋರುವುದುಂಟು. ಆ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಮಯಸ್ತೇನಿಯ ಗ್ರೇವಿಸ್ ಎಂದು ಹೆಸರು. ಒಂದು ಹೊರಗಿನಿಂದ ಬಂದ ನಂಜು, ಇನ್ನೊಂದು ಶರೀರದೊಳಗೇ ಹುಟ್ಟಿದ ದೋಷ. ಎರಡರ ಪರಿಣಾಮವೂ ಒಂದೇ ತೆರನಾಗಿರಲು ಕಾರಣವೇನು? ಇದನ್ನು ತಿಳಿಯಬೇಕಾದರೆ ಪ್ರೋಟೀನುಗಳ ಆಕಾರವನ್ನು ಕುರಿತು ವಿಚಾರಿಸಬೇಕು.

ಪ್ರೋಟೀನು ಅಥವಾ ಸಸಾರಜನಕವೆಂದೊಡನೆ ಬೇಳೆಕಾಳು, ಹಾಲು ಮುಂತಾದ ಆಹಾರಗಳ ನೆನಪಾಗುವುದು ಸಹಜ. ಆದರೆ ಜೀವಕೋಶದ ಬಹುತೇಕ ಕಾರ್ಯಗಳನ್ನು ನಡೆಸುವ ಉಪಕರಣಗಳೂ ಪ್ರೋಟೀನುಗಳೇ ಆಗಿವೆ. ಸಾಮಾನ್ಯವಾಗಿ 20 ಬಗೆಯ ಅಮೈನೋ ಆಮ್ಲಗಳು ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡು ಪ್ರೋಟೀನು ಉಂಟಾಗುತ್ತದೆ. ಈ ಸರವು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ನಿರ್ದಿಷ್ಟವಾದ ಆಕಾರವನ್ನು ತಾಳಬಲ್ಲುದು. ಆ ಆಕಾರದ ಗುಟ್ಟು ಮಣಿಗಳ ಅನುಕ್ರಮದಲ್ಲಿಯೇ ಅಡಗಿದೆ. ಇದನ್ನು ಪ್ರಯೋಗದಿಂದ ತೋರಿಸಿದ ಆನ್‌ಫಿನ್ಸನ್ ಅವರಿಗೆ 1972ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಸರವು ಯಾವ ಯಾವ ಕೋನಗಳಲ್ಲಿ ಬಾಗಬಹುದೆಂಬುದನ್ನು 1963ರಲ್ಲಿ ಮದರಾಸಿನಲ್ಲಿ ಲೆಕ್ಕಹಾಕಿ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು.

ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಸ್ಥಳದಲ್ಲಿ ಈ ಆಕಾರದ ಮಹತ್ವವು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ನರವೂ ಸ್ನಾಯುವೂ ಕೂಡಿಕೊಂಡಿರುವುದಿಲ್ಲ; ಅವೆರಡರ ನಡುವೆ ಮಿಲಿಮೀಟರಿನ ಸುಮಾರು 20,000ದಲ್ಲೊಂದು ಪಾಲಿನಷ್ಟು ತೆರಪಿದೆ. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಈ ತೆರಪನ್ನು ದಾಟಿ ಸ್ನಾಯುವಿನ ಮೇಲಿರುವ ಗ್ರಾಹಕ ಪ್ರೋಟೀನನ್ನು ಸೇರುತ್ತದೆ. ಈ ಗ್ರಾಹಕವು ಐದು ಸರಗಳು ಸುತ್ತುವರಿದು ನಿಂತ ಬಾಗಿಲಿನಂತಿದೆ. ಅದರಲ್ಲಿರುವ ಎರಡು ಪೀಠಗಳಲ್ಲಿ ಅಸಿಟೈಲ್‌ಕೋಲಿನ್ ಕುಳಿತೊಡನೆ ಸರಗಳು ತುಸು ತಿರುಗಿ, ನಡುವಿನ ದಾರಿ ತೆರೆದು, ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಸ್ನಾಯು ಸಂಕುಚಿಸುತ್ತದೆ. ಬಳಿಕ ಮತ್ತೊಂದು ಪ್ರೋಟೀನು ಅಸಿಟೈಲ್‌ಕೋಲಿನನ್ನು ಒಡೆದುಹಾಕಿ ಸಂದೇಶವನ್ನು ಮುಗಿಸುತ್ತದೆ. ಇವೆಲ್ಲವೂ ನಡೆಯುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಕಾಲದಲ್ಲಿ.

ಕಟ್ಟುಹಾವಿನ ಜಾತಿಗೆ ಸೇರಿದ ಒಂದು ಹಾವಿನ ನಂಜಿನಿಂದ 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಆಲ್ಫಾ ಬಂಗಾರೊಟಾಕ್ಸಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಕೇವಲ 74 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನು ಅಸಿಟೈಲ್‌ಕೋಲಿನ್ ಕೂರಬೇಕಾದ ಪೀಠವನ್ನೇ ಆಕ್ರಮಿಸುತ್ತದೆ. ಆದರೆ ಅದು ಬಾಗಿಲನ್ನು ತೆರೆಯುವುದೂ ಇಲ್ಲ, ಪೀಠವನ್ನು ಸುಲಭವಾಗಿ ಬಿಡುವುದೂ ಇಲ್ಲ. ನಾಗರಹಾವಿನ ನಂಜಿನಲ್ಲಿಯೂ ಇದೇ ಬಗೆಯ ಪ್ರೋಟೀನುಗಳಿವೆ. ಕಟ್ಟುಹಾವಿನ ನಂಜಿನಲ್ಲಿ ಇದಲ್ಲದೆ ನರದ ತುದಿಯನ್ನೇ ಹಾಳುಗೆಡಹುವ ಇನ್ನೊಂದು ಬಗೆಯ ಪ್ರೋಟೀನೂ ಇದೆ.

ಈ ನಂಜಿಗೆ ಎದುರಾಗಿ ನಿಲ್ಲುವುದೂ ಪ್ರೋಟೀನೇ. ಶರೀರದ ರಕ್ಷಣಾವ್ಯವಸ್ಥೆಯು ತಯಾರಿಸುವ ಪ್ರತಿಕಾಯಗಳು ಎರಡು ಭಾರದ ಸರಗಳೂ ಎರಡು ಹಗುರ ಸರಗಳೂ ಕೂಡಿದ ಕವೆಗೋಲಿನ ಆಕಾರದಲ್ಲಿರುತ್ತವೆ. ಈ ರಚನೆಯನ್ನು ಬಿಡಿಸಿದ ಪೋರ್ಟರ್ ಮತ್ತು ಎಡೆಲ್‌ಮನ್ ಅವರಿಗೆ 1972ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಕವೆಯ ಎರಡು ತುದಿಗಳ ಆಕಾರವು ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬೇರೆಯಾಗಿದ್ದು, ತನಗೊಪ್ಪುವ ಪರವಸ್ತುವನ್ನು ಮಾತ್ರ ಹಿಡಿಯುತ್ತದೆ. ಕುದುರೆಗೆ ನಂಜನ್ನು ಅಲ್ಪಾಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಮೂಡಿದ ಪ್ರತಿಕಾಯಗಳಿಂದ ಪ್ರತಿವಿಷವನ್ನು ಸಿದ್ಧಗೊಳಿಸುತ್ತಾರೆ. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ನಂಜಿಗೂ ಉದ್ದೇಶಿತವಾದುದು. ರಕ್ತದಲ್ಲಿ ತಿರುಗುತ್ತಿರುವ ನಂಜನ್ನು ಅದು ಹಿಡಿದು ನಿಲ್ಲಿಸುತ್ತದೆ. ಆದರೆ ಈಗಾಗಲೇ ಹಾಳಾದ ನರದ ತುದಿಯನ್ನು ಸರಿಪಡಿಸಲಾರದು.

ಹೊರಗಿನ ಶತ್ರುವನ್ನು ಗುರುತಿಸಬೇಕಾದ ಪ್ರತಿಕಾಯವು ತನ್ನ ಶರೀರದ ಪ್ರೋಟೀನನ್ನೇ ಹಿಡಿದರೆ ಗತಿಯೇನು? 1973ರಲ್ಲಿ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಅವರು ವಿದ್ಯುತ್ ಮೀನಿನ ಗ್ರಾಹಕ ಪ್ರೋಟೀನನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳಲ್ಲಿ ಮೂಡಿದ ಪ್ರತಿಕಾಯಗಳು ಅವುಗಳ ಸ್ವಂತ ಗ್ರಾಹಕಗಳನ್ನೂ ಹಿಡಿದವು, ಮೊಲಗಳು ನಿತ್ರಾಣಗೊಂಡವು. ಅದೇ ವರ್ಷ ಬೇರೆ ಸಂಶೋಧಕರು ವಿಕಿರಣದ ಗುರುತು ಹಚ್ಚಿದ ಬಂಗಾರೊಟಾಕ್ಸಿನ್‌ನಿಂದ ಎಣಿಸಿ, ಮಯಸ್ತೇನಿಯ ರೋಗಿಗಳ ಸ್ನಾಯುಗಳಲ್ಲಿ ಗ್ರಾಹಕಗಳು ಬಹಳ ಕಡಿಮೆಯಾಗಿರುವುದನ್ನು ಕಂಡರು. ಕೊಲ್ಲುವ ನಂಜೇ ರೋಗದ ಮೂಲವನ್ನು ಅಳೆಯುವ ಸಾಧನವಾಯಿತು. ಬಹುಪಾಲು ರೋಗಿಗಳಲ್ಲಿ ಗ್ರಾಹಕವನ್ನು ಹಿಡಿಯುವ ಪ್ರತಿಕಾಯಗಳೇ ಈ ಕೊರತೆಗೆ ಕಾರಣವೆಂದು ಮುಂದೆ ಖಚಿತವಾಯಿತು. ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆಯುವ ಔಷಧದಿಂದ ಈ ರೋಗಿಗಳು ಚೇತರಿಸಿಕೊಳ್ಳುವರೆಂದು ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ 1934ರಲ್ಲಿಯೇ ತೋರಿಸಿದ್ದರು. ಉಳಿದಿರುವ ಕೆಲವೇ ಪೀಠಗಳಿಗೆ ಸಂದೇಶವು ಮತ್ತೆ ಮತ್ತೆ ತಲುಪುವುದರಿಂದ ಬಲವು ಮರಳುತ್ತದೆ.

ಹೀಗೆ ನರಸಂದೇಶ, ನಂಜು, ಪ್ರತಿವಿಷ, ರೋಗ ಈ ನಾಲ್ಕೂ ಒಂದು ಪ್ರೋಟೀನು ಮತ್ತೊಂದು ವಸ್ತುವನ್ನು ಹಿಡಿಯುವ ಒಂದೇ ತತ್ತ್ವವನ್ನು ಅವಲಂಬಿಸಿವೆ. ಇದರಿಂದ ವಿದ್ಯಾರ್ಥಿಯು ಕಲಿಯಬೇಕಾದ ವ್ಯಾವಹಾರಿಕ ಪಾಠವೂ ಒಂದಿದೆ. ನಂಜು ನರದ ತುದಿಯನ್ನು ಸೇರುವ ಮೊದಲೇ ಪ್ರತಿಕಾಯವು ಅದನ್ನು ಹಿಡಿಯಬೇಕು. ಆದುದರಿಂದ ಹಾವು ಕಚ್ಚಿದವರನ್ನು, ನೋವಿಲ್ಲವೆಂದು ಉಪೇಕ್ಷಿಸದೆ, ಗಾಯವನ್ನು ಕೊಯ್ಯುವುದರಲ್ಲಿಯೋ ಮಂತ್ರ ಹಾಕಿಸುವುದರಲ್ಲಿಯೋ ಕಾಲ ಕಳೆಯದೆ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ತಡವಾಗಿದ್ದರೂ ನಿರಾಶರಾಗಬಾರದು. ಯಂತ್ರದ ಮೂಲಕ ಉಸಿರಾಟವನ್ನು ನಡೆಸಿಕೊಂಡು ಬಂದರೆ, ಹಾಳಾದ ನರದ ತುದಿಗಳು ದಿನಗಳು ಕಳೆದಂತೆ ಮತ್ತೆ ಬೆಳೆಯುತ್ತವೆ. ರೋಗಿಯು ತಾನಾಗಿಯೇ ಉಸಿರಾಡಲು ಸಮರ್ಥನಾಗುತ್ತಾನೆ.